ತಮೋದೃಷ್ಟಿವಿಧಿಯ ಅರ್ಥನಿರ್ಣಯ

ಶಾಸ್ತ್ರವು ವಿಧಿಯನ್ನು ಮಾತ್ರ ಹೇಳಿ ನಿಲ್ಲಬೇಕೇ, ಅದಕ್ಕೆ ಕಾರಣವನ್ನೂ ಹೇಳಬೇಕೇ ಎಂಬುದು ಮೀಮಾಂಸಕರಿಗೆ ಹಳೆಯ ಪ್ರಶ್ನೆ. ಯಜ್ಞಶಾಲೆಗೆ ಸ್ವಲ್ಪವೂ ಸಂಬಂಧವಿಲ್ಲದ ಒಂದೆಡೆಯಲ್ಲಿ, ಅಮೆರಿಕ ದೇಶದ ಒಂದು ವಿನೋದಕ್ರೀಡೆಯ ನಿಯಮಗ್ರಂಥಗಳಲ್ಲಿ, ಇದೇ ಪ್ರಶ್ನೆಯು ಐವತ್ತು ವರ್ಷಗಳ ಕಾಲ ಮತ್ತೆ ಮತ್ತೆ ತಲೆಯೆತ್ತಿರುವುದು ವಿಚಾರಾರ್ಹವಾಗಿದೆ. ಕ್ರೀಡೆಯ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ವಿವಾದಕ್ಕೆ ವಿಷಯವಾದುದು ಕತ್ತಲೆಯಲ್ಲಿ ನೋಡುವ ಶಕ್ತಿ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಈ ಕ್ರೀಡೆಯು 1974ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಪಟ್ಟಣದಿಂದ ಮೂರು ಸಣ್ಣ ಪುಸ್ತಕಗಳಾಗಿ ಹೊರಬಂದಿತು. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಕಥೆಯೊಳಗಣ ಒಬ್ಬ ವ್ಯಕ್ತಿಯ ಪಾತ್ರವನ್ನು ವಹಿಸಿ, ಆ ಪಾತ್ರದ ಕಾರ್ಯಗಳನ್ನು ಮಾತಿನಿಂದಲೇ ಸೂಚಿಸುವನು. ನಿರ್ವಾಹಕನೊಬ್ಬನು ನೆಲದಡಿಯ ಗುಹೆಗಳನ್ನೂ ಅಲ್ಲಿಯ ಭಯಂಕರ ಜಂತುಗಳನ್ನೂ ಕಲ್ಪಿಸಿ, ಸಂದೇಹ ಬಂದಲ್ಲಿ ದಾಳಗಳನ್ನುರುಳಿಸಿ, ನಿಯಮಗಳಿಗೆ ಅರ್ಥವನ್ನು ನಿರ್ಣಯಿಸುವನು. ಆದುದರಿಂದ ನಿರ್ವಾಹಕನು ಈ ಶಾಸ್ತ್ರದ ವ್ಯಾಖ್ಯಾನಕಾರನೂ ಹೌದು.

ಮೊದಲನೆಯ ಗ್ರಂಥದಲ್ಲಿ ವಿಧಿಯು ಬಹು ಸಂಕ್ಷಿಪ್ತವಾಗಿದ್ದಿತು. ಪಾತಾಳಕ್ಕೆ ಇಳಿಯುವವರಿಗೆ ಪಂಜು, ಲಾಟೀನು ಅಥವಾ ಮಂತ್ರಶಕ್ತಿ ಬೇಕು. ಆದರೆ ಆ ಬೆಳಕೇ ಅವರ ಇರವನ್ನು ಶತ್ರುಗಳಿಗೆ ತಿಳಿಸಿಬಿಡುವುದು. ಅಲ್ಲಿಯ ಜಂತುಗಳಿಗಾದರೋ ‘ಇನ್‌ಫ್ರಾವಿಷನ್’ ಎಂಬ ತಮೋದೃಷ್ಟಿಯು ಸದಾ ಉಂಟು; ಅವು ಆಟಗಾರರ ಸೇವೆಗೆ ಸೇರಿದರೆ ಮಾತ್ರ ಅದು ಇಲ್ಲವಾಗುವುದು. ಈ ಕಡೆಯ ಮಾತನ್ನು ವಿಶೇಷವಾಗಿ ಗಮನಿಸತಕ್ಕದ್ದು. ಒಡೆಯನು ಬದಲಾದ ಮಾತ್ರಕ್ಕೆ ಕಣ್ಣಿನ ಸ್ವಭಾವವು ಬದಲಾಗಲಾರದು. ಆದುದರಿಂದ ಈ ವಿಧಿಯು ಕಣ್ಣಿನ ಸ್ವರೂಪವನ್ನು ತಿಳಿಸಲು ಹೊರಟುದಲ್ಲ. ಕತ್ತಲೆಯನ್ನು ಆಟಗಾರರಿಗೆ ಭಯಸ್ಥಾನವನ್ನಾಗಿ ಉಳಿಸುವುದೇ ಇದರ ತಾತ್ಪರ್ಯವೆಂದು ಸ್ಪಷ್ಟವಾಗುತ್ತದೆ.

ಮುಂದೆ ಗ್ರಂಥವು ವಿಸ್ತಾರಗೊಂಡಿತು. 1978ರ ಆಟಗಾರರ ಕೈಪಿಡಿಯು ಡ್ವಾರ್ಫ್, ಎಲ್ಫ್ ಮೊದಲಾದ ಜಾತಿಗಳ ಪಾತ್ರಗಳಿಗೂ 60 ಅಡಿಗಳವರೆಗಿನ ತಮೋದೃಷ್ಟಿಯನ್ನು ಕೊಟ್ಟಿತು. 1979ರ ನಿರ್ವಾಹಕರ ಕೈಪಿಡಿಯಲ್ಲಿ ಗೈಗ್ಯಾಕ್ಸನು ಅದಕ್ಕೆ ಕಾರಣವನ್ನು ವಿವರಿಸಿದನು: ಬರಿಗಣ್ಣಿಗೆ ಗೋಚರವಾಗದ ಅವಕೆಂಪು ಕಿರಣಗಳನ್ನು, ಅಂದರೆ ಪದಾರ್ಥಗಳಿಂದ ಹೊಮ್ಮುವ ಉಷ್ಣವನ್ನು, ಈ ಕಣ್ಣು ಗ್ರಹಿಸುವುದು; ಸುತ್ತಣ ಪ್ರದೇಶದಷ್ಟೇ ಉಷ್ಣವುಳ್ಳ ಪದಾರ್ಥವು ಅದಕ್ಕೆ ಕಾಣದು. ನೆಲದಡಿಯ ಕೆಲವು ಜಂತುಗಳ ಕಣ್ಣುಗಳಾದರೋ ಅಂತಹ ಕಿರಣಗಳನ್ನು ತಾವೇ ಹೊರಸೂಸುವುವು. ಈ ಎರಡನೆಯ ಪಕ್ಷವನ್ನು ಓದಿದ ನ್ಯಾಯಶಾಸ್ತ್ರಜ್ಞನಿಗೆ ಗೌತಮಸೂತ್ರದ ಮೂರನೆಯ ಅಧ್ಯಾಯವು ನೆನಪಾಗದೆ ಇರದು. ಚಕ್ಷುರಿಂದ್ರಿಯವು ತೈಜಸವೆಂದೂ, ಅದರ ರಶ್ಮಿಯು ವಿಷಯವನ್ನು ಮುಟ್ಟಿ ಗ್ರಹಿಸುವುದೆಂದೂ ಸಾಧಿಸುವಾಗ, ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣಿನ ಹೊಳಪನ್ನೇ ಅಲ್ಲಿ ಸಾಧಕವಾಗಿ ಹೇಳಿದೆ. ಇವೆರಡಕ್ಕೂ ಪರಂಪರೆಯ ಸಂಬಂಧವಿಲ್ಲ. ಬೆಕ್ಕಿನ ಕಣ್ಣನ್ನು ಕತ್ತಲೆಯಲ್ಲಿ ಕಂಡ ಮಾನವಬುದ್ಧಿಯು ಎಲ್ಲೆಡೆಯೂ ಒಂದೇ ದಾರಿ ಹಿಡಿಯಿತೆಂದಷ್ಟೇ ತಿಳಿಯಬೇಕು.

ಕಾರಣವನ್ನು ಹೇಳಿದ ಕ್ಷಣದಿಂದಲೇ ತೊಡಕು ಮೊದಲಾಯಿತು. ಉಷ್ಣವೇ ಹೇತುವಾದರೆ ತಣ್ಣಗಾದ ಹೆಣವು ಕಾಣುವುದೇ? ಗೋಡೆಯ ಮೇಲಣ ಬರಹವನ್ನು ಓದಲಾದೀತೇ? ಪಕ್ಕದವನ ಕೈಯ ಪಂಜಿನ ಶಾಖವು ಈ ದೃಷ್ಟಿಗೆ ಬಾಧಕವಲ್ಲವೇ? ಜೈಮಿನಿಸೂತ್ರದ ಮೊದಲನೆಯ ಅಧ್ಯಾಯದ ಹೇತುವನ್ನಿಗದಾಧಿಕರಣವು ಈ ಬಗೆಯ ಸಂದೇಹವನ್ನೇ ವಿಚಾರಿಸುತ್ತದೆ. ಮೊರದಿಂದ ಹೋಮ ಮಾಡಬೇಕೆಂದು ವಿಧಿಸಿ, ಅದರಿಂದ ಅನ್ನವು ಸಿದ್ಧವಾಗುವುದಷ್ಟೆ ಎಂದು ವೇದವು ಹೇಳುತ್ತದೆ. ಈ ಮಾತು ಹೇತುವಾದರೆ, ಅನ್ನಕ್ಕೆ ಸಾಧನವಾದ ಸೌಟು ಗಡಿಗೆಗಳಿಂದಲೂ ಹೋಮ ಮಾಡಬಹುದೆಂದಾಗುವುದು. ಆದುದರಿಂದ ಅದು ಹೇತುವಲ್ಲ, ಮೊರದ ಸ್ತುತಿಯಾದ ಅರ್ಥವಾದವೇ ಎಂದು ಸಿದ್ಧಾಂತ. ಈ ನ್ಯಾಯದಂತೆ ಉಷ್ಣದ ಮಾತನ್ನು ಅರ್ಥವಾದವೆಂದು ಕೊಂಡಿದ್ದರೆ ತೊಡಕು ಬಹುಮಟ್ಟಿಗೆ ತೀರುತ್ತಿದ್ದಿತು. 1989ರ ಎರಡನೆಯ ಆವೃತ್ತಿಯು ಹೆಚ್ಚುಕಡಿಮೆ ಹಾಗೆಯೇ ಮಾಡಿತು. 60 ಅಡಿಗಳವರೆಗೆ ಕತ್ತಲೆಯಲ್ಲಿ ಕಾಣುವುದೆಂಬುದೇ ಮುಖ್ಯವಿಧಿಯಾಗಿ, ಉಷ್ಣಪಕ್ಷವು ಇಚ್ಛೆಯಿದ್ದವರಿಗೆ ವಿಕಲ್ಪವಾಗಿ ಉಳಿಯಿತು.

2000ದ ಮೂರನೆಯ ಆವೃತ್ತಿಯು ಉಷ್ಣವನ್ನೂ ಹಳೆಯ ಹೆಸರನ್ನೂ ಒಟ್ಟಿಗೆ ಕೈಬಿಟ್ಟಿತು. ‘ಡಾರ್ಕ್‌ವಿಷನ್’ ಎಂಬ ಹೊಸ ಸಂಜ್ಞೆ ಬಂದಿತು. ಅದರಿಂದ ಕಾಣುವುದು ಕಪ್ಪು ಬಿಳುಪು ಮಾತ್ರ. ಎಲ್ಫ್ ಜಾತಿಗೆ ಅದೂ ಇಲ್ಲದೆ, ಮಂದವಾದ ಬೆಳಕಿನಲ್ಲಿ ದೂರ ಕಾಣುವ ಶಕ್ತಿಯಷ್ಟೇ ಉಳಿಯಿತು. ಹೀಗೆ ವಿಧಿಯು ಕಾರಣವನ್ನು ತೊರೆದು ಫಲಮಾತ್ರವನ್ನು ಹೇಳತೊಡಗಿತು.

ಹಾಗಾದರೂ ವಿವಾದವು ನಿಲ್ಲಲಿಲ್ಲ. 2014ರ ಐದನೆಯ ಆವೃತ್ತಿಯು ಕತ್ತಲೆ, ದಟ್ಟವಾದ ಮಂಜು, ನಿಬಿಡವಾದ ಪೊದೆ ಇವು ಮೂರನ್ನೂ ಒಂದೇ ವರ್ಗಕ್ಕೆ ಸೇರಿಸಿ, ಅಂತಹ ಎಡೆಯಲ್ಲಿರುವವನು ಕುರುಡನಂತಾಗುವನೆಂದು ಹೇಳಿತು. ಅಕ್ಷರಾರ್ಥವನ್ನು ಹಿಡಿದರೆ, ಕತ್ತಲೆಯಲ್ಲಿ ನಿಂತವನಿಗೆ ದೂರದಲ್ಲಿ ಉರಿಯುವ ಬೆಂಕಿಯೂ ಕಾಣಬಾರದು! ಇದು ಲೋಕಾನುಭವಕ್ಕೆ ವಿರುದ್ಧ. ದೋಷದ ಮೂಲವು ಪದಾರ್ಥನಿರೂಪಣೆಯಲ್ಲಿದೆ. ತಮಸ್ಸು ದ್ರವ್ಯವೆಂದು ಭಾಟ್ಟರ ಮತ. ತೇಜಸ್ಸಿನ ಅಭಾವವೆಂದು ನೈಯಾಯಿಕರ ಮತ. ಮಂಜು ಕಣ್ಣಿಗೂ ವಿಷಯಕ್ಕೂ ನಡುವೆ ನಿಂತು ಮರೆಮಾಡುವ ದ್ರವ್ಯ. ಕತ್ತಲೆಯನ್ನೂ ಹಾಗೆಯೇ ಎಣಿಸಿದುದರಿಂದ ಈ ಅನರ್ಥವು ಪ್ರಾಪ್ತವಾಯಿತು. ಅಭಾವಪಕ್ಷದಲ್ಲಿ ಬೆಳಕು ಬೇಕಾದುದು ನೋಡುವವನ ಎಡೆಯಲ್ಲಲ್ಲ, ನೋಡಲ್ಪಡುವ ವಿಷಯದಲ್ಲಿ. 2015ರಲ್ಲಿ ಪ್ರಕಟವಾದ ತಿದ್ದುಪಡಿಯು ಇದನ್ನೇ ಅಂಗೀಕರಿಸಿ, ಅಂತಹ ಎಡೆಯೊಳಗಣ ವಸ್ತುವನ್ನು ನೋಡಹೊರಟಾಗ ಮಾತ್ರ ಕುರುಡುತನವೆಂದು ಸರಿಪಡಿಸಿತು. ಮಂತ್ರದಿಂದುಂಟಾದ ಕತ್ತಲೆಯಾದರೋ ತಮೋದೃಷ್ಟಿಗೂ ಭೇದಿಸಲಾಗದುದು, ಸಾಮಾನ್ಯವಾದ ದೀಪಕ್ಕೂ ಅಳಿಯದುದು. ಅಲ್ಲಿ ಭಾಟ್ಟಪಕ್ಷವೇ ಗೆದ್ದಿತೆನ್ನಬಹುದು.

ಇಷ್ಟರ ಮೇಲೆ ಉಳಿಯುವುದು ತಾತ್ಪರ್ಯದ ಪ್ರಶ್ನೆ. 2014ರ ಕೈಪಿಡಿಯ ಒಂಬತ್ತು ಜಾತಿಗಳಲ್ಲಿ ಆರಕ್ಕೆ ತಮೋದೃಷ್ಟಿಯುಂಟು; 2024ರ ಕೈಪಿಡಿಯಲ್ಲಿ ಡ್ವಾರ್ಫ್ ಜಾತಿಗೆ ಅದು 120 ಅಡಿಗಳವರೆಗೆ ಬೆಳೆಯಿತು. ಇದರಿಂದ ಪಂಜು ನಿರರ್ಥಕವಾಯಿತೆಂದು ಬಹುಮಂದಿ ಭಾವಿಸಿ ಆಡುವರು. ಅದು ವಿಧಿಯ ಅರ್ಧವನ್ನು ಮಾತ್ರ ಓದಿದುದರ ಫಲ. ಈ ದೃಷ್ಟಿಯುಳ್ಳವನಿಗೆ ಗಾಢಾಂಧಕಾರವು ಮಂದಪ್ರಕಾಶದಂತೆ ತೋರುವುದೇ ಹೊರತು ಹಗಲಾಗುವುದಿಲ್ಲ. ಮಂದಪ್ರಕಾಶದಲ್ಲಿ ಕಣ್ಣಿನಿಂದ ಹುಡುಕುವವನು ಎರಡು ದಾಳಗಳನ್ನುರುಳಿಸಿ ಕಡಮೆಯ ಸಂಖ್ಯೆಯನ್ನೇ ಸ್ವೀಕರಿಸಬೇಕು, ಬಣ್ಣಗಳೂ ತಿಳಿಯವು. ಬಾಗಿಲ ಬಳಿಯ ಸೂಕ್ಷ್ಮವಾದ ದಾರ, ನೆಲದ ಮೇಲಣ ಕಲೆ ರಕ್ತವೋ ನೀರೋ ಎಂಬ ಭೇದ, ಇವು ತಪ್ಪಿಹೋಗುವುದು ಇಲ್ಲಿಯೇ.

ಉಪಕ್ರಮೋಪಸಂಹಾರಗಳ ಏಕವಾಕ್ಯತೆಯು ತಾತ್ಪರ್ಯನಿರ್ಣಯಕ್ಕೆ ಮೊದಲನೆಯ ಲಿಂಗ. 1974ರ ಉಪಕ್ರಮದಲ್ಲಿ ಬೆಳಕು ಬೇಕಾದುದೂ ಹೌದು, ಅಪಾಯಕರವೂ ಹೌದು. ಇಂದಿನ ವಿಧಿಯಲ್ಲಿಯೂ ಪಂಜನ್ನು ಹೊತ್ತಿಸಿದವನು ಶತ್ರುವಿಗೆ ಕಾಣುವನು, ಹೊತ್ತಿಸದವನು ತಾನು ಕಾಣತಕ್ಕುದನ್ನು ಕಾಣದೆ ಹೋಗುವನು. ಹೆಸರು, ಹೇತು, ಅಡಿಗಳ ಲೆಕ್ಕ ಎಲ್ಲವೂ ಬದಲಾದರೂ ಈ ಉಭಯಸಂಕಟವು ಬದಲಾಗಿಲ್ಲ. ಇದನ್ನು ಉಳಿಸುವ ವ್ಯಾಖ್ಯಾನವೇ ಗ್ರಂಥಾಭಿಪ್ರಾಯಕ್ಕೆ ಅನುಗುಣವಾದುದು. ಇದನ್ನು ಅಳಿಸುವ ವ್ಯಾಖ್ಯಾನವು ಅಕ್ಷರಕ್ಕೆ ಎಷ್ಟೇ ಹೊಂದಿದರೂ ಕತ್ತಲೆಯಿಲ್ಲದ ಗುಹೆಯೊಂದನ್ನು ಮಾತ್ರ ಉಳಿಸೀತು.