ಥಲ್ ಘಾಟ್ ಸೇತುವೆ: ಎರಡಡಿ ಎತ್ತರದಲ್ಲಿ ಒಂದು ಚರಿತ್ರೆ

ಕಸಾರಾದಿಂದ ನಾಸಿಕ್ ಜಿಲ್ಲೆಯ ಇಗತ್‌ಪುರಿಗೆ ಹತ್ತೋ ರೈಲುದಾರಿಯೇ ಥಲ್ ಘಾಟ್. 1865ರಲ್ಲಿ ತೆರೆದ ಈ ದಾರಿ ತೀರಾ ಕಡಿದಾದ ಕಡೆ 37 ಅಡಿಗೆ ಒಂದಡಿ ಏರುತ್ತೆ. ಇಲ್ಲಿನ ಏಹೆಗಾಂವ್ ಸೇತುವೆ ಕಲ್ಲಿನ ಕಂಬಗಳ ಮೇಲೆ ನಿಂತಿದೆ: ಎತ್ತರ 182 ಅಡಿ, ಉದ್ದ 750.

ಅದರ ಮಾದರಿಯನ್ನ ನಾನು 87ರಲ್ಲಿ ಒಂದು ಪಾಲಿನ ಅಳತೆಗೆ ಮಾಡ್ತಿದೀನಿ. ಎತ್ತರ ಎರಡಡಿ, ಉದ್ದ ಎಂಟೂವರೆ ಅಡಿ. ಕಂಬದ ಬುಡದಲ್ಲಿ ಒಬ್ಬ ಕೂಲಿಯಾಳನ್ನ ನಿಲ್ಲಿಸಿದೆ. ಅವನು ಬರೀ ಮುಕ್ಕಾಲಿಂಚು! 182 ಅಡಿ ಅಂದ್ರೇನು ಅಂತ ಆಗ ಅರ್ಥವಾಯ್ತು.

ಮುಖ್ಯ ಇಂಜಿನಿಯರ್ ಜೇಮ್ಸ್ ಬರ್ಕ್ಲಿ 1862ರಲ್ಲೇ ತೀರಿಕೊಂಡರು; ಅವರ ಹೆಸರು ಉಳಿದಿದೆ. ಕಲ್ಲು ಹೊತ್ತ ಸಾವಿರಾರು ಜನ ನಮಗೆ ಬರೀ ಸಂಖ್ಯೆ. ಹಾಗಾಗಿ ಮಾದರಿಯಲ್ಲಿ ರೈಲು ಆಮೇಲೆ ಬರಲಿ, ಮೊದಲು ಅವರು.