ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024

ಬೆಂಗಳೂರಿನ ಸ್ಥಳೀಯ ಆಡಳಿತವನ್ನು ಮರುರಚಿಸಲು ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ಕಾನೂನು. 2024ರ ಜುಲೈನಲ್ಲಿ ಮಂಡನೆಯಾದ ಮಸೂದೆ ಉಭಯ ಸದನಗಳ ಜಂಟಿ ಸಮಿತಿಯ ಪರಿಶೀಲನೆಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಸದನಗಳ ಒಪ್ಪಿಗೆ ಪಡೆದು ಅದೇ ವರ್ಷ ಮೇ 15ರಂದು ಜಾರಿಗೆ ಬಂತು. ಬಿಬಿಎಂಪಿ ಎಂದೇ ಜನರಿಗೆ ಪರಿಚಿತವಾಗಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಕೊನೆಗೊಳಿಸಿ, ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನೂ (ಜಿಬಿಎ) ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳನ್ನೂ ಈ ಕಾನೂನಿನಡಿ ರಚಿಸಲಾಯಿತು. ಒಂದು ಪಾಲಿಕೆ ಐದಾದದ್ದೇ ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚು ಜಾಗ ಪಡೆಯಿತು. ನಗರದ ಚರಿತ್ರೆಯನ್ನು ಗಮನಿಸಿದರೆ, ನೆಲದ ಬಳಕೆಯನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಗೆ ಅದಕ್ಕಿಂತ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

1862ರಲ್ಲಿ ಬೆಂಗಳೂರಿನ ಪೇಟೆಗೂ ದಂಡುಪ್ರದೇಶಕ್ಕೂ ಬೇರೆ ಬೇರೆ ಪುರಸಭೆಗಳು ಏರ್ಪಟ್ಟವು. 1949ರಲ್ಲಿ ಅವೆರಡೂ ಸೇರಿ ಕಾರ್ಪೊರೇಷನ್ ಆಯಿತು. ಆದರೆ ಹೊಸ ಬಡಾವಣೆಗಳನ್ನು ಮಾಡುವ ಕೆಲಸ ಅಷ್ಟರಲ್ಲಾಗಲೇ ಬೇರೆ ಕಡೆಗೆ ಸರಿದಿತ್ತು. 1945ರಲ್ಲಿ ಅದಕ್ಕಾಗಿಯೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಗಿತ್ತು. 1964ರಲ್ಲಿ ನೀರು ಮತ್ತು ಒಳಚರಂಡಿಗೂ ಪ್ರತ್ಯೇಕ ಮಂಡಳಿ ಬಂತು. 1976ರಲ್ಲಿ ಎರಡು ಕಾನೂನುಗಳು ರೂಪುಗೊಂಡವು. ಕರ್ನಾಟಕ ಪೌರನಿಗಮಗಳ ಅಧಿನಿಯಮದಿಂದ ಕಸ, ಬೀದಿದೀಪ, ರಸ್ತೆ, ಆಸ್ತಿ ತೆರಿಗೆ ಪಾಲಿಕೆಯ ಪಾಲಿಗೆ ಬಂದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮದಿಂದ ಹುಟ್ಟಿದ ಬಿಡಿಎಗೆ ಬಡಾವಣೆ ರಚನೆಯ ಜೊತೆಗೆ ನಗರ ಯೋಜನೆಯೂ ದಕ್ಕಿತು. ಓಟು ಕೇಳಿ ಗೆದ್ದವರಿಗೆ ನಕ್ಷೆಯ ಮೇಲೆ ಹಿಡಿತವಿಲ್ಲ, ನಕ್ಷೆ ಬರೆಯುವವರು ಓಟು ಕೇಳಬೇಕಾಗಿಲ್ಲ ಎಂಬ ಸ್ಥಿತಿ ಹೀಗೆ ಕಾನೂನಿನ ರೂಪ ಪಡೆಯಿತು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ಸ್ಥಿತಿಯನ್ನು ಬದಲಿಸಬಹುದಿತ್ತು. ಅದು ಸೇರಿಸಿದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಆದರೆ 243ಡಬ್ಲ್ಯೂ ವಿಧಿ ಈ ಅಧಿಕಾರಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದನ್ನು ರಾಜ್ಯ ಶಾಸಕಾಂಗದ ವಿವೇಚನೆಗೆ ಬಿಟ್ಟಿದೆ. ಇದಕ್ಕೆ ಹೋಲಿಸಿದರೆ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಮಹಾನಗರ ಪ್ರದೇಶಗಳಿಗೆ ಯೋಜನಾ ಸಮಿತಿ ಇರಲೇಬೇಕು ಎನ್ನುವ 243ಝಡ್‌ಇ ವಿಧಿಯ ಧಾಟಿ ಕಟ್ಟುನಿಟ್ಟಾದದ್ದು. ಆ ಸಮಿತಿಯ ಸದಸ್ಯರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಪುರಸಭೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರೊಳಗಿಂದಲೇ ಆರಿಸಿ ಬಂದವರಾಗಿರಬೇಕು. ಬೆಂಗಳೂರಿಗೆ ಅಂಥ ಸಮಿತಿ ರಚನೆಯಾದದ್ದು 2014ರಲ್ಲಿ, ಎರಡು ದಶಕ ಕಳೆದ ಮೇಲೆ. ನಗರದ ರೂಪುರೇಷೆಯ ಮೇಲೆ ಅದರ ಪ್ರಭಾವ ಕಾಣುವುದು ಕಷ್ಟ.

2007ರಲ್ಲಿ ಹಳೆಯ ನೂರು ವಾರ್ಡುಗಳಿಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚಿಸಲಾಯಿತು. 2010 ಮತ್ತು 2015ರಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಆಳ್ವಿಕೆ ಮುಂದುವರಿಯಿತು. ಅದೇ ವರ್ಷ ಬಂದ ಬಿಬಿಎಂಪಿ ಅಧಿನಿಯಮದಡಿ ಒಂದು ಚುನಾವಣೆಯೂ ಆಗಲಿಲ್ಲ.

ವಲಯ ನಿಯಮ ಮತ್ತು ಬಿ ಖಾತಾ

ಯೋಜನೆ ಒಂದು ಕಡೆ, ತೆರಿಗೆ ಇನ್ನೊಂದು ಕಡೆ ಇದ್ದುದರ ಪರಿಣಾಮ ಬೆಂಗಳೂರಿನ ವಸತಿಯಲ್ಲಿ ಎದ್ದು ಕಾಣುತ್ತದೆ. ಕಾನೂನಿನ ಹಾದಿಯಲ್ಲಿ ಹೋದರೆ, ಕೃಷಿ ಜಮೀನಿನಲ್ಲಿ ಮನೆ ಏಳುವ ಮೊದಲು ಜಿಲ್ಲಾಧಿಕಾರಿ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಡಿ ಭೂಪರಿವರ್ತನೆ ಮಾಡಬೇಕು. ಮಹಾಯೋಜನೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14ಎ ಪ್ರಕರಣದಡಿ ಭೂಬಳಕೆ ಬದಲಾವಣೆಗೆ ಯೋಜನಾ ಪ್ರಾಧಿಕಾರದ ಕದ ತಟ್ಟಬೇಕು. ಬಡಾವಣೆಯ ವಿನ್ಯಾಸಕ್ಕೂ ಅದೇ ಪ್ರಾಧಿಕಾರದ ಅನುಮೋದನೆ ಬೇಕು. ಕಟ್ಟಡದ ನಕ್ಷೆ ಮಂಜೂರಾತಿಗೆ ಮತ್ತು ಖಾತೆಗೆ ಪಾಲಿಕೆ, ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ. ಈ ಸುತ್ತನ್ನು ಬಿಟ್ಟು, ಒಂದು ಸರ್ವೆ ನಂಬರಿನ ಜಮೀನನ್ನು 30×40 ಅಡಿಯ ರೆವಿನ್ಯೂ ಸೈಟುಗಳಾಗಿ ತುಂಡು ಮಾಡಿ ನೋಂದಾಯಿತ ಕ್ರಯಪತ್ರದ ಮೇಲೆ ಮಾರುವುದೇ ರೂಢಿಯಾಯಿತು. ಕೊಂಡವರು ಮನೆ ಕಟ್ಟಿದರು, ಪಾಲಿಕೆ ತೆರಿಗೆ ವಸೂಲಿ ಮಾಡಿತು. ಅಂಥ ಆಸ್ತಿಗಳಿಗಾಗಿ ಪಾಲಿಕೆ ಇಟ್ಟ ಬೇರೆ ವಹಿಯೇ ಬಿ ವಹಿ. ಅದರಲ್ಲಿ ಹೆಸರಿರುವ ಮನೆಯೇ ಬಿ ಖಾತಾ ಮನೆ. ಅದರ ಮಾಲೀಕರು ತೆರಿಗೆ ಕಟ್ಟಬೇಕು, ಆದರೆ ನಕ್ಷೆ ಮಂಜೂರಾತಿ ಸಿಗದು, ಬ್ಯಾಂಕ್ ಸಾಲ ಸುಲಭವಲ್ಲ.

ಇದನ್ನು ಸರಿಪಡಿಸುವ ಪ್ರಯತ್ನಗಳೆಲ್ಲ ಬಹುಮಟ್ಟಿಗೆ ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ಬಗೆಯವು. 1961ರ ಅಧಿನಿಯಮಕ್ಕೆ ಸೇರಿದ 76ಎಫ್‌ಎಫ್ ಪ್ರಕರಣ, ಅಂದರೆ ಅಕ್ರಮ-ಸಕ್ರಮ, 2016ರ ಕೊನೆಗೆ ಹೈಕೋರ್ಟಿನ ಒಪ್ಪಿಗೆ ಪಡೆದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿತು. 2025ರಲ್ಲಿ ಬಿ ಖಾತಾವನ್ನು ಕ್ರಮಬದ್ಧ ಆಸ್ತಿಗಳಿಗೆ ಸಿಗುವ ಎ ಖಾತಾ ಮಾಡುವ ಯೋಜನೆ ಬಂತು. 2,000 ಚದರ ಮೀಟರ್‌ವರೆಗಿನ ನಿವೇಶನಗಳಿಗೆ ಆರಂಭದಲ್ಲಿ ಘೋಷಿಸಿದ ಶುಲ್ಕ ಮಾರ್ಗಸೂಚಿ ದರದ ಶೇ. 5. ನಿವಾಸಿಗಳಿಗೆ ಇದರಿಂದ ನೆಮ್ಮದಿ ಸಿಗುವುದು ನಿಜ. ಆದರೆ ಹೊಸ ಬಿ ಖಾತಾಗಳು ಹುಟ್ಟುವ ಕಾರಣ ಹಾಗೆಯೇ ಉಳಿಯುತ್ತದೆ. 2007ರಲ್ಲಿ ಅನುಮೋದನೆಯಾದ ಮಹಾಯೋಜನೆ 2015ನೇ ಇಸವಿಯನ್ನು ಗುರಿಯಾಗಿಟ್ಟುಕೊಂಡದ್ದು. 2031ಕ್ಕೆಂದು 2017ರಲ್ಲಿ ಪ್ರಕಟಿಸಿದ ಕರಡನ್ನು ಆಮೇಲೆ ಕೈಬಿಡಲಾಯಿತು. ಅವಧಿ ಮುಗಿದ ನಕ್ಷೆಯೇ ನಗರದ ವಲಯ ನಿಯಮವಾಗಿ ಉಳಿದಿದ್ದರೆ, ಊರು ಆ ನಕ್ಷೆಯ ಹೊರಗೆ ಬೆಳೆಯುವುದು ಸಹಜವೇ.

ಹೊಸ ವ್ಯವಸ್ಥೆ

ನಗರವನ್ನು ಒಡೆದು ಮೇಲೊಂದು ಸಮನ್ವಯ ಸಂಸ್ಥೆ ಇಡುವ ಸಲಹೆ ಬಿ.ಎಸ್. ಪಾಟೀಲ್ ಸಮಿತಿಯದು. ಅಧಿನಿಯಮ ಏಳರವರೆಗೆ ಪಾಲಿಕೆಗಳಿಗೆ ಅವಕಾಶ ಕೊಟ್ಟಿದೆ. ಮೇಯರ್ ಅವಧಿ 30 ತಿಂಗಳು. ಐದು ಪಾಲಿಕೆಗಳು 2025ರ ಸೆಪ್ಟೆಂಬರ್ 2ರಂದು ಚುನಾಯಿತ ಸದಸ್ಯರಿಲ್ಲದೆಯೇ ಅಸ್ತಿತ್ವಕ್ಕೆ ಬಂದವು. ಯೋಜನಾ ಪ್ರಾಧಿಕಾರದ ಪಟ್ಟ ಬಿಡಿಎಯಿಂದ ಜಿಬಿಎಗೆ ಹೋಯಿತು.

ಮೌಲ್ಯಮಾಪನ

ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವುದನ್ನು ಸಮರ್ಥಿಸುವವರ ವಾದ ತಳ್ಳಿಹಾಕುವಂಥದ್ದಲ್ಲ. ಜಲಮಂಡಳಿ, ಬೆಸ್ಕಾಂ, ಬಿಎಂಟಿಸಿ, ಮೆಟ್ರೊ ಯಾವುದೂ ಮೇಯರ್ ಮಾತು ಕೇಳುವ ಸಂಸ್ಥೆಯಲ್ಲ. ಅವನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಶಕ್ತಿ ರಾಜ್ಯ ಸರ್ಕಾರದ ಮುಖ್ಯಸ್ಥರಿಗೆ ಮಾತ್ರ ಇದೆ. ಐದು ಪಾಲಿಕೆಗಳು ಐದು ನಕ್ಷೆ ಬರೆದರೆ ರಾಜಕಾಲುವೆ ಎಲ್ಲೆ ದಾಟುವ ಕಡೆಯೆಲ್ಲ ಜಗಳವೇ. ಐವರು ಮೇಯರ್‌ಗಳೂ ಪ್ರಾಧಿಕಾರದ ಸದಸ್ಯರು. ಪಾಲಿಕೆಗಳ ಸಾಂವಿಧಾನಿಕ ಅಧಿಕಾರಕ್ಕೆ ಕೈಹಾಕುವುದಿಲ್ಲ ಎಂದು ಸ್ಪಷ್ಟಪಡಿಸುವ ತಿದ್ದುಪಡಿಯನ್ನೂ ಸದನ 2025ರ ಆಗಸ್ಟ್‌ನಲ್ಲಿ ಒಪ್ಪಿತು. ಆದರೆ ಈ ವಾದದಿಂದ ಸಾಬೀತಾಗುವುದು ಸಮನ್ವಯದ ಅಗತ್ಯ ಮಾತ್ರ. ಯಾವ ಬೀದಿಯಲ್ಲಿ ಅಂಗಡಿ ಇರಬಹುದು, ಎಷ್ಟು ಮಹಡಿ ಏಳಬಹುದು, ಯಾವ ಹೊಲ ಬಡಾವಣೆಯಾಗಬಹುದು ಎಂಬುದನ್ನೂ ಅದೇ ಮೇಜಿನಲ್ಲಿ ತೀರ್ಮಾನಿಸಬೇಕು ಎಂದು ಅದರಿಂದ ಹೇಳಲಾಗದು. ಇಡೀ ಪ್ರದೇಶಕ್ಕೆ ಒಂದು ಚೌಕಟ್ಟು ಬೇಕಾದರೆ, ಚುನಾಯಿತರೇ ಬಹುಮತದಲ್ಲಿರುವ ಮಹಾನಗರ ಯೋಜನಾ ಸಮಿತಿಯನ್ನು ಸಂವಿಧಾನವೇ ಒದಗಿಸಿದೆ. ಆ ಚೌಕಟ್ಟಿನೊಳಗೆ ವಾರ್ಡ್ ಮಟ್ಟದ ವಲಯ ನಿಯಮಗಳನ್ನು ಪಾಲಿಕೆಗಳಿಗೆ ಬಿಡಲು ಯಾವ ತಾಂತ್ರಿಕ ಅಡ್ಡಿಯೂ ಕಾಣುವುದಿಲ್ಲ.

ಪಾಲಿಕೆಗೆ ಅಧಿಕಾರ ಕೊಟ್ಟರೆ ಭ್ರಷ್ಟಾಚಾರ ವಾರ್ಡಿನವರೆಗೆ ಇಳಿಯುತ್ತದೆ ಎಂಬ ಆಕ್ಷೇಪವೂ ಇದೆ. ಐದು ದಶಕ ಯೋಜನೆ ಕೌನ್ಸಿಲರ್‌ಗಳ ಕೈಯಲ್ಲಿರಲಿಲ್ಲ. ರೆವಿನ್ಯೂ ಬಡಾವಣೆಗಳು ಹಬ್ಬಿದ್ದು ಆ ಕಾಲದಲ್ಲೇ. ಹಾಗಾಗಿ ಅಧಿಕಾರವನ್ನು ಮೇಲಿಟ್ಟರೆ ಶಿಸ್ತು ಬರುತ್ತದೆ ಎಂಬ ನಂಬಿಕೆಗೆ ಬೆಂಗಳೂರಿನ ಅನುಭವದಲ್ಲಿ ಆಧಾರ ಸಿಗುವುದಿಲ್ಲ. ಸಮಸ್ಯೆ ಈ ಊರಿನದೊಂದೇ ಅಲ್ಲ. ರಾಜ್ಯದ ಇತರ ದೊಡ್ಡ ನಗರಗಳಲ್ಲೂ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮದಡಿ ಬಂದ ಪ್ರಾಧಿಕಾರಗಳೇ ಯೋಜನೆ ಮಾಡುತ್ತ ಬಂದಿವೆ. ಅಲ್ಲೂ ಪಾಲಿಕೆ ತೆರಿಗೆಗೆ, ಪ್ರಾಧಿಕಾರ ನಕ್ಷೆಗೆ. 2024ರ ಅಧಿನಿಯಮ ಪಾಲಿಕೆಗಳ ಸಂಖ್ಯೆಯನ್ನು ಬದಲಿಸಿತು, ಮೇಲಿನ ಕುರ್ಚಿಯನ್ನು ಇನ್ನಷ್ಟು ಎತ್ತರಿಸಿತು. ಯೋಜನಾ ಪ್ರಾಧಿಕಾರ ಯಾರು ಎಂದು ಹೇಳುವ 1961ರ ಕಾನೂನಿನ ಮೂಲ ಏರ್ಪಾಡು ಮಾತ್ರ ಹಾಗೆಯೇ ಇದೆ. ಚುನಾಯಿತ ಪಾಲಿಕೆಗಳಿಗೆ ನೆಲದ ಮೇಲೆ ಹಿಡಿತ ಕೊಡುವ ಉದ್ದೇಶವಿದ್ದರೆ, ತಿದ್ದುಪಡಿ ಅಲ್ಲಿಂದಲೇ ಶುರುವಾಗಬೇಕು.