ಕೈಗೆಟುಕಿದ ಮಿಂಚು

ಆಡಕಿ, ಸೇಡಂ, ಶಹಾಬಾದ್ ಸೀಮೆಯಲ್ಲಿ ಫರಸಿ ಕಲ್ಲು ಒಡೆಯುವವರಿಗೆ ನಾವು ಹೊಸದಾಗಿ ಹೇಳಬೇಕಾದ್ದಿಲ್ಲ: ದಿನವಿಡೀ ಒತ್ತಿದರೂ ಬಿರಿಯದ ಕಲ್ಲು ಸುತ್ತಿಗೆಯ ಒಂದೇ ಏಟಿಗೆ ಬಿರಿಯುತ್ತದೆ. ಶಕ್ತಿ ಎಷ್ಟೆಂಬುದಷ್ಟೇ ಅಲ್ಲ, ಎಷ್ಟು ಬೇಗ ಬಿತ್ತೆಂಬುದೂ ಮುಖ್ಯ. ಪ್ಲಾಸ್ಮಾ ವಿಜ್ಞಾನದ ಗುಟ್ಟೂ ಇದೇ.

ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡ ಅನಿಲವೇ ಪ್ಲಾಸ್ಮಾ. ಸೂರ್ಯ, ಮಿಂಚು ಎರಡರಲ್ಲೂ ಇರುವುದು ಅದೇ. ಅದನ್ನು ಅರಿಯಲು ಶ್ರೀಮಂತ ದೇಶಗಳು ಬೃಹತ್ ಯಂತ್ರಗಳನ್ನು ಕಟ್ಟಿದವು. ಉಳಿದವರು ದೂರದಿಂದ ನೋಡುತ್ತಿರಬೇಕೇ?

ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ಸಲಾಂ 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಸ್ಥಾಪಿಸಿದ ಕೇಂದ್ರ ಇಂಥವರಿಗೆ ಆಸರೆಯಾಯಿತು. ಆ ಕೇಂದ್ರ ಹಾಗೂ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ನೆರವಿನಿಂದ 1985-86ರಲ್ಲಿ ಕೌಲಾಲಂಪುರದ ಮಲಯಾ ವಿಶ್ವವಿದ್ಯಾಲಯದಲ್ಲಿ ಪ್ರೊ. ಸಿಂಗ್ ಲೀ ಅವರು ಏಷ್ಯಾ, ಆಫ್ರಿಕಾದ ವಿಜ್ಞಾನಿಗಳಿಗೆ 'ಪ್ಲಾಸ್ಮಾ ಫೋಕಸ್' ಎಂಬ ಪುಟ್ಟ ಯಂತ್ರವನ್ನು ಕಟ್ಟಲು ಕಲಿಸಿದರು.

ಅದರ ಕೆಪಾಸಿಟರಿನಲ್ಲಿ ಕೂಡಿಡುವುದು ಸುಮಾರು 3,000 ಜೂಲ್. 60 ವ್ಯಾಟಿನ ಬಲ್ಬು 50 ಸೆಕೆಂಡು ಉರಿಯುವಷ್ಟು. ಅದನ್ನೇ ಸೆಕೆಂಡಿನ ದಶಲಕ್ಷದ ಕೆಲವೇ ಭಾಗಗಳಲ್ಲಿ ಹರಿಸಿದರೆ, ವಿದ್ಯುತ್ತು ತನ್ನದೇ ಕಾಂತಬಲದಿಂದ ಅನಿಲವನ್ನು ಹಿಂಡಿ ದಶಲಕ್ಷಗಟ್ಟಲೆ ಡಿಗ್ರಿಗೆ ಕಾಯಿಸುತ್ತದೆ. ಡ್ಯೂಟೀರಿಯಂ ಅನಿಲವಿದ್ದರೆ ನ್ಯೂಟ್ರಾನುಗಳೂ ಚಿಮ್ಮುತ್ತವೆ.

ಮುಂದೆ ದಿಲ್ಲಿ ವಿಶ್ವವಿದ್ಯಾಲಯದಲ್ಲೂ ಇಸ್ಲಾಮಾಬಾದಿನ ಕಾಯಿದೆ ಆಜಂ ವಿಶ್ವವಿದ್ಯಾಲಯದಲ್ಲೂ ಇದೇ ಮಾದರಿಯ ಯಂತ್ರಗಳು ದುಡಿದವು. ರಾಜಕೀಯ ಎಳೆದ ಗೆರೆಯ ಎರಡೂ ಬದಿಯ ವಿದ್ಯಾರ್ಥಿಗಳು ಒಂದೇ ಪಾಠ ಕಲಿತರು. 1988ರಲ್ಲಿ ಏಷ್ಯಾ-ಆಫ್ರಿಕಾದ ಪ್ಲಾಸ್ಮಾ ತರಬೇತಿ ಸಂಘವೂ ಹುಟ್ಟಿತು.

ಯಂತ್ರ ಕೊಳ್ಳುವುದು ಬೇರೆ, ಬಿಚ್ಚಿ ಕಟ್ಟಲು ಬಲ್ಲವರನ್ನು ಬೆಳೆಸುವುದು ಬೇರೆ. ಉಪಕರಣಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ನಮ್ಮ ಭಾಗದ ಕಾಲೇಜುಗಳು ಇದನ್ನು ನೆನೆಯಬೇಕು. ನಮ್ಮ ಮಕ್ಕಳ ಕೈಗೂ ಆ ಬೀಗದ ಕೈ ಸಿಗಲಿ.